ಕೊನೆಯ ಬೆಂಚಿಗಾಗಿ ನೂಕುನುಗ್ಗಲು

ನಮ್ಮ ಚರ್ಚಿನಲ್ಲಿ ನನ್ನಷ್ಟು ವಿನಯವಂತ ಇನ್ನೊಬ್ಬನಿರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮೂವತ್ತೆಂಟು ವರ್ಷ ಸ್ಟೇಷನ್ ಮಾಸ್ತರನಾಗಿದ್ದವನು ನಾನು, ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಅಭ್ಯಾಸವಾಗಿಬಿಟ್ಟಿದೆ. ರೈಲು ನಲವತ್ತು ನಿಮಿಷ ತಡ ಅಂದರೆ ನಲವತ್ತು ಎಂದೇ ಕೂಗುತ್ತಿದ್ದೆ. ‘ಇನ್ನೇನು ಬಂತು’ ಎಂದು ಜನರ ಮೂಗಿಗೆ ತುಪ್ಪ ಸವರಿದವನಲ್ಲ. ನನ್ನ ಹೆಂಡತಿ ಮಾತ್ರ ಬೇರೆ ಮಾತು ಹೇಳುತ್ತಾಳೆ. “ರೀ, ನಿಮ್ಮ ವಿನಯದ ಗಲಾಟೆಗೆ ಪಕ್ಕದ ಮನೆಯವರಿಗೂ ನಿದ್ದೆ ಬರ್ತಿಲ್ಲ” ಎನ್ನುತ್ತಾಳೆ. ಅವಳ ಮಾತಿಗೆ ನಾನು ಬೆಲೆ ಕೊಡುತ್ತಿರಲಿಲ್ಲ. ಈಗ ಸ್ವಲ್ಪ ಕೊಡುತ್ತೇನೆ.

ಇದೆಲ್ಲ ಶುರುವಾದದ್ದು ಪಾದ್ರಿಗಳ ಒಂದು ಪ್ರಸಂಗದಿಂದ, ಅಂದರೆ ಭಾನುವಾರದ ಉಪದೇಶದಿಂದ. ಪಾಪ, ನಮ್ಮ ಪಾದ್ರಿಗಳದು ಮೆತ್ತನೆಯ ದನಿ. ಎಂಟು ವರ್ಷದಿಂದ ಅವರು ಹೇಳಿದ್ದನ್ನು ಕೇಳಿ ಯಾರಾದರೂ ಏನಾದರೂ ಮಾಡಿದ ದಾಖಲೆ ಇಲ್ಲ. ಆದರೆ ಆ ಭಾನುವಾರ ಹೊಸ ಮೈಕು ಬಂದಿತ್ತು. ಪ್ರತಿ ಅಕ್ಷರ ಕಿವಿಗೆ ಬಿತ್ತು, ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಯಾರಾದರೂ ಔತಣಕ್ಕೆ ಕರೆದರೆ ನುಗ್ಗಿ ಮೊದಲನೆಯ ಜಾಗ ಹಿಡಿಯಬೇಡಿ, ಎಲ್ಲರಿಗಿಂತ ಹಿಂದೆ ಕೂರಿ, ಮನೆಯ ಯಜಮಾನನೇ ಬಂದು ಮುಂದಿನ ಜಾಗಕ್ಕೆ ಕರೆದುಕೊಂಡು ಹೋಗುತ್ತಾನೆ ಎಂದು ಪಾದ್ರಿಗಳು ವಿವರಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಎಲ್ಲರೂ ಮನೆಗೆ ಹೋಗಿ ಊಟ ಮಾಡಿ ಮಲಗುತ್ತಿದ್ದೆವು. ಕೊನೆಯಲ್ಲಿ ಒಂದು ಪ್ರಕಟಣೆ ಸೇರಿಸಿದರು. ಇನ್ನು ಆರನೆಯ ಭಾನುವಾರ ಬಿಷಪ್ಪರು ಬರುತ್ತಾರೆ. ಹೋದ ತಿಂಗಳು ಇನ್ನೊಂದು ಚರ್ಚಿನಲ್ಲಿ ಅವರು ಕೊನೆಯ ಬೆಂಚಿನವರೆಗೆ ನಡೆದು ಹೋಗಿ, ಅಲ್ಲಿದ್ದ ಒಬ್ಬ ಮುದುಕನ ಕೈಹಿಡಿದು ಮುಂದೆ ಕರೆತಂದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರಂತೆ.

ಎಲ್ಲರೂ ಒಮ್ಮೆ ಮೆಲ್ಲಗೆ ಹಿಂದೆ ತಿರುಗಿ ಕೊನೆಯ ಬೆಂಚನ್ನು ನೋಡಿದರು. ನಾನೂ ನೋಡಿದೆ.

ಮುಂದಿನ ಭಾನುವಾರ ಪಾದ್ರಿಗಳು ಒಳಗೆ ಬಂದವರು ಗಕ್ಕನೆ ನಿಂತು ಗೋಡೆಯ ಗಡಿಯಾರ ನೋಡಿದರು. ಮುಂದಿನ ಆರು ಬೆಂಚು ಖಾಲಿ. ಹಿಂದಿನ ನಾಲ್ಕು ಬೆಂಚಿನಲ್ಲಿ ಇಡೀ ಸಭೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗುವಂತೆ ತುಂಬಿಕೊಂಡಿತ್ತು. ಅಲ್ಲಿಯವರೆಗೆ ಮೊದಲನೆಯ ಬೆಂಚಿಗೆ ಜಗಳವಾಗುತ್ತಿದ್ದ ಚರ್ಚು ಅದು. ಚಾವಣಿ ಹಾಕಿಸಿದ ಕಾಂಟ್ರಾಕ್ಟರ್, ‘ನನ್ನ ಚಾವಣಿಯ ಕೆಳಗೆ ನಾನೇ ಮುಂದೆ’ ಎಂಬ ಠೀವಿಯಲ್ಲಿ ವರ್ಷಗಟ್ಟಲೆ ಅಲ್ಲಿ ಕೂತಿದ್ದರು.

ಆ ದಿನ ಅದೇ ಕಾಂಟ್ರಾಕ್ಟರ್ ಎಂಟು ಗಂಟೆಗೆ ಕರವಸ್ತ್ರ ಹಿಡಿದುಕೊಂಡು ಕೊನೆಯ ಬೆಂಚಿನ ಮೂಲೆಗೆ ಬಂದರು. ಬಾಗಿಲಿಗೆ ಅಂಟಿದ ಮೂಲೆ ಅದು. ಚರ್ಚಿನಲ್ಲಿ ಅದಕ್ಕಿಂತ ಹಿಂದೆ ಗೋಡೆ ಬಿಟ್ಟರೆ ಏನೂ ಇಲ್ಲ. ಅಲ್ಲಿ ನಾನು ಏಳೂಕಾಲಿಂದ ಕೂತಿದ್ದೆ. ಹೊತ್ತಿಗೆ ಮುಂಚೆ ಬರುವ ವಿಷಯದಲ್ಲಿ ರೈಲ್ವೆಯವನ ಜೊತೆ ಸಿಮೆಂಟಿನವನು ಪೈಪೋಟಿ ಮಾಡಬಾರದು.

“ಮಾಸ್ತರೇ, ಈ ಜಾಗ ನನಗೆ ಬಿಡಿ. ನಾನು ದೊಡ್ಡ ಪಾಪಿ” ಎಂದರು ಕಾಂಟ್ರಾಕ್ಟರ್.

“ನಿಮಗಿಂತ ದೊಡ್ಡ ಪಾಪಿ ನಾನು” ಎಂದೆ.

“ನೀವೇನ್ರೀ ಪಾಪ ಮಾಡಿರ್ತೀರಿ, ರೈಲಿಗೆ ಬಾವುಟ ತೋರಿಸಿದವರು!”

“ಮನಸ್ಸಿನಲ್ಲಿ ಮಾಡಿದ್ದೀನಿ.”

“ಮನಸ್ಸಿನಲ್ಲಿ ಮಾಡಿದ್ದು ಯಾವ ಲೆಕ್ಕ? ನಾನು ಸಿಮೆಂಟಿಗೆ ಬೇಕಾದ್ದಕ್ಕಿಂತ ಎರಡರಷ್ಟು ಮರಳು ಸೇರಿಸಿ ಮನೆ ಕಟ್ಟಿದವನು!” ಎಂದು ಅವರು ಎದೆ ತಟ್ಟಿಕೊಂಡರು. ಹಿಂದಿನಿಂದ ಮೂರನೆಯ ಬೆಂಚಿನಲ್ಲಿದ್ದ ಹಲ್ಲಿನ ಡಾಕ್ಟರಮ್ಮ ಸರಕ್ಕನೆ ತಿರುಗಿದರು. ಅವರ ಹೊಸ ಮನೆ ಕಟ್ಟಿದ್ದು ಇದೇ ಕಾಂಟ್ರಾಕ್ಟರ್. ಆಮೇಲೆ ಎರಡು ವಾರ ಕಾಂಟ್ರಾಕ್ಟರ್ ಚರ್ಚಿನ ಕಡೆ ತಲೆ ಹಾಕಲಿಲ್ಲ. ಪಾಪನಿವೇದನೆ ಮಾಡಿಕೊಳ್ಳುವವರು ಅಕ್ಕಪಕ್ಕ ನೋಡಿಕೊಂಡು ಮಾಡಬೇಕು.

ಹೀಗೆ ಮೂಲೆ ನನ್ನದಾಯಿತು. ಅಂದರೆ, ಆ ಮೂಲೆ ಮೊದಲು ಯಾರದೂ ಆಗಿರಲಿಲ್ಲ ಎಂದಲ್ಲ. ಅಲ್ಲಿ ಇಸ್ತ್ರಿಯಕ್ಕ ಕೂರುತ್ತಿದ್ದಳು.

ಚರ್ಚಿನ ಎದುರು ರಸ್ತೆಯ ಆಚೆ ಒಂದು ಹಳೆಯ ಕಟ್ಟಡವಿದೆ. ಅದರ ಮಹಡಿಯ ಒಂದೇ ಕೋಣೆಯಲ್ಲಿ ಅವಳ ಸಂಸಾರ, ಅಲ್ಲೇ ಇಸ್ತ್ರಿ ಕೆಲಸ. ನಮ್ಮ ಸಭೆಯ ಅರ್ಧದಷ್ಟು ಅಂಗಿಗಳು ಅವಳ ಕೈಯಲ್ಲಿ ನೆಟ್ಟಗಾಗುತ್ತವೆ. ಮೊದಲ ಕೀರ್ತನೆ ಮುಗಿಯುವ ಹೊತ್ತಿಗೆ ಏದುಸಿರು ಬಿಡುತ್ತಾ ಬರುತ್ತಾಳೆ, ಕೊನೆಯ ಕೀರ್ತನೆಗೆ ಮುಂಚೆ ಎದ್ದು ಹೋಗುತ್ತಾಳೆ. ತಡವಾಗಿ ಬಂದು ಬೇಗ ಹೋಗುವವರು ಬಾಗಿಲ ಹತ್ತಿರ ಕೂರುವುದು ಸಹಜ ಎಂದುಕೊಂಡಿದ್ದೆ. ನಾನು ಈ ಬೀದಿಗೆ ಬಂದು ಎರಡು ವರ್ಷ. ಅವಳನ್ನು ಯಾಕೆ ಎಂದು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಆ ದಿನ ಅವಳು ಬಂದು ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು.

“ಮಾಸ್ತರೇ, ತಪ್ಪು ತಿಳ್ಕೋಬೇಡಿ. ಆ ಮೂಲೆ ನನಗೆ ಬೇಕಿತ್ತು. ಅಲ್ಲಿಂದಾದ್ರೆ ನನಗೆ…”

ನಾನು ಕೈ ಎತ್ತಿ ತಡೆದೆ. “ಅಮ್ಮಾ, ಬಡವರು ಹಿಂದೆ ಕೂರೋ ಕಾಲ ಹೋಯ್ತು. ದೇವರ ಮುಂದೆ ಎಲ್ಲರೂ ಒಂದೇ. ಹೋಗು, ಧೈರ್ಯವಾಗಿ ಮೊದಲನೇ ಬೆಂಚಲ್ಲಿ ಕೂತ್ಕೋ.”

“ಅದಲ್ಲ ಮಾಸ್ತರೇ, ನಮ್ಮ ಯಜಮಾನರು…”

“ಅವರಿಗೂ ಹೇಳು. ದೇವರ ಮುಂದೆ ಎಲ್ಲರೂ ಒಂದೇ.”

ನನ್ನ ಮಾತು ನನಗೇ ತುಂಬ ಹಿಡಿಸಿತು. ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡೆ. ಅವಳು ಹೋಗಿ ಮೊದಲನೆಯ ಬೆಂಚಿನಲ್ಲಿ, ಆ ಖಾಲಿ ಬಯಲಿನ ಮಧ್ಯೆ ಒಬ್ಬಳೇ ಕೂತಳು. ಐದು ನಿಮಿಷಕ್ಕೊಮ್ಮೆ ಹಿಂದೆ ತಿರುಗಿ ನನ್ನ ಕಡೆ ನೋಡುತ್ತಿದ್ದಳು. ನನ್ನ ದೊಡ್ಡ ಮನಸ್ಸು ಕಂಡು ಕಣ್ತುಂಬಿ ಬಂದಿರಬೇಕು ಎಂದುಕೊಂಡೆ. ನಾನೂ ಮೃದುವಾಗಿ ತಲೆಯಾಡಿಸುತ್ತಿದ್ದೆ.

ಎರಡು ವಾರ ಬಿಟ್ಟು ಮತ್ತೆ ಬಂದು ಬಾಗಿಲಲ್ಲಿ ನಿಂತಳು. ಈ ಸಲ ಕೂರಲೇ ಇಲ್ಲ. ಬಾಗಿಲಿಗೆ ಒರಗಿ, ಒಂದು ಕಣ್ಣು ಒಳಗೆ, ಒಂದು ಕಣ್ಣು ಹೊರಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಬಾಗಿಲಲ್ಲಿ ನಿಲ್ಲುವವರನ್ನು ಕಂಡರೆ ನನಗೆ ಮೊದಲಿನಿಂದ ಆಗುವುದಿಲ್ಲ. ಮೂವತ್ತೆಂಟು ವರ್ಷ ಅವರನ್ನು ಒಳಗೆ ತಳ್ಳುವುದೇ ಕೆಲಸವಾಗಿತ್ತು. “ದಾರಿಗೆ ಅಡ್ಡ ನಿಲ್ಲಬಾರದಮ್ಮ, ಮುಂದೆ ಹೋಗು, ಮುಂದೆ ಜಾಗ ಇದೆ” ಎಂದೆ. ಪ್ಲಾಟ್‌ಫಾರ್ಮಿನ ದನಿ ಬಂದುಬಿಟ್ಟಿರಬೇಕು, ಪಾದ್ರಿಗಳು ಪ್ರಾರ್ಥನೆಯ ಮಧ್ಯೆ ಬೆಚ್ಚಿಬಿದ್ದರು. “ಒಂದು ಮಾತು ಮಾಸ್ತರೇ, ಕಿಟಕಿ…” ಎಂದೇನೋ ಶುರುಮಾಡಿದಳು. ನಾನು ಮುಂದಕ್ಕೆ ಕೈ ತೋರಿಸಿದೆ. ಹೋದಳು.

ಬಿಷಪ್ಪರು ಬರುವ ಹಿಂದಿನ ದಿನ ನನ್ನ ಕೋಟನ್ನು ಹೆಂಡತಿಯೇ ಹೋಗಿ ಇಸ್ತ್ರಿಯಕ್ಕನ ಹತ್ತಿರ ಮಾಡಿಸಿಕೊಂಡು ಬಂದಳು. ತೋಳಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು, ಅಷ್ಟು ಚೂಪಾಗಿತ್ತು.

“ಅವಳಿಗೆ ನಿಮ್ಮ ಹತ್ತಿರ ಏನೋ ಹೇಳೋದಿದೆಯಂತೆ” ಎಂದಳು.

“ಏನಿರುತ್ತೆ? ಮುಂದೆ ಕೂರಿಸಿದ್ದಕ್ಕೆ ಥ್ಯಾಂಕ್ಸ್ ಹೇಳೋಕಿರಬೇಕು. ಅದೆಲ್ಲ ಬೇಡ ಅಂತ ಹೇಳಬೇಕಿತ್ತು” ಎಂದೆ ಕನ್ನಡಿಯಲ್ಲಿ ನೋಡಿಕೊಳ್ಳುತ್ತಾ. ಬಿಷಪ್ಪರು ಕೈ ಚಾಚಿದಾಗ ಮುಖ ಹೇಗಿರಬೇಕು ಎಂದು ಅಭ್ಯಾಸ ಮಾಡುತ್ತಿದ್ದೆ. ಮೊದಲು ಆಶ್ಚರ್ಯ. ಆಮೇಲೆ ಎರಡು ಸಲ ಬೇಡವೆನ್ನುವುದು. ಮೂರನೆಯ ಸಲ, ಹಿರಿಯರ ಮಾತು ಮೀರಲಾರದೆ, ತಲೆ ತಗ್ಗಿಸಿ ಏಳುವುದು.

ಹೆಂಡತಿ ಬಂದು ಹತ್ತಿರದಿಂದ ನೋಡಿ, “ಹಲ್ಲು ನೋವಾ?” ಎಂದು ಕೇಳಿದಳು.

ಭಾನುವಾರ ಬೆಳಿಗ್ಗೆ ಆರಕ್ಕೇ ಹೋದೆ. ಚರ್ಚಿನ ಬೀಗವನ್ನೇ ತೆಗೆದಿರಲಿಲ್ಲ. ಮೆಟ್ಟಿಲ ಮೇಲೆ ವಿನಯದಿಂದ ಕಾದೆ. ಎಂಟರ ಹೊತ್ತಿಗೆ ಹಿಂದಿನ ಬೆಂಚುಗಳಲ್ಲಿ ಸೂಜಿ ಬೀಳಲು ಜಾಗವಿರಲಿಲ್ಲ. ಕಾಂಟ್ರಾಕ್ಟರ್ ನನ್ನ ಪಕ್ಕದಲ್ಲೇ ತೂರಿಕೊಂಡು, ಮುಖ ಊದಿಸಿಕೊಂಡು, ಸೊಂಟದಿಂದ ನನ್ನನ್ನು ಗೋಡೆಗೆ ಒತ್ತುತ್ತಿದ್ದರು. ಇಸ್ತ್ರಿಯಕ್ಕ ಎಂದಿನಂತೆ ಓಡಿ ಬಂದಳು, ನನ್ನ ಕಡೆ ಒಮ್ಮೆ ನೋಡಿದಳು, ಮುಂದೆ ಹೋದಳು.

ಬಿಷಪ್ಪರು ವಯಸ್ಸಾದವರು, ಮಂಡಿ ನೋವಿನವರು. ಮೊದಲ ಕೀರ್ತನೆ ಆದ ಮೇಲೆ ಅವರು ಮುಂದಿನ ಖಾಲಿ ಬೆಂಚುಗಳನ್ನು ನೋಡಿದರು, ಹಿಂದಿನ ಜಂಗುಳಿಯನ್ನು ನೋಡಿದರು, ಏನೋ ಯೋಚಿಸಿದರು. ಆಮೇಲೆ ಕೋಲೂರಿಕೊಂಡು ಮಧ್ಯದ ದಾರಿಯಲ್ಲಿ ನಡೆದು ಬರತೊಡಗಿದರು. ನನ್ನ ಎದೆ ಇಂಜಿನ್ನಿನಂತೆ ಹೊಡೆದುಕೊಳ್ಳತೊಡಗಿತು. ಬಂದರು. ಇನ್ನು ನಾಲ್ಕು ಬೆಂಚು. ಮೂರು. ಅವರ ಕಣ್ಣು ನೇರವಾಗಿ ನನ್ನ ಮೇಲೆಯೇ ಇತ್ತು. ನಾನು ಆಶ್ಚರ್ಯದ ಮುಖ ಮಾಡಿಕೊಂಡು, ವಿನಯಕ್ಕೆಂದು ಕತ್ತನ್ನು ಒಂದು ಚೂರು ಬಾಗಿಲ ಕಡೆಗೆ ತಿರುಗಿಸಿದೆ.

ಎದುರು ಮಹಡಿಯ ಕಿಟಕಿಯಲ್ಲಿ ಕೆಂಪು ಬಟ್ಟೆ ಅಲ್ಲಾಡುತ್ತಿತ್ತು.

ಉದ್ದನೆಯ ಕೋಲಿನ ತುದಿಗೆ ಕಟ್ಟಿದ ಕೆಂಪು ಬಟ್ಟೆ. ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ. ಓದುಗರಲ್ಲಿ ರೈಲ್ವೆಯವರು ಇದ್ದರೆ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆಂಪು ಬಟ್ಟೆ ಅಲ್ಲಾಡಿತೆಂದರೆ ಓಡುವುದು ಮೊದಲು, ಯೋಚನೆ ಮಾಡುವುದು ಆಮೇಲೆ. ಕಾಲು ನನ್ನನ್ನು ಕೇಳಲಿಲ್ಲ, ತಾನೇ ಎದ್ದಿತು. ಬಿಷಪ್ಪರು ಕೈ ಚಾಚಿದ್ದನ್ನು ಕಡೆಗಣ್ಣಿನಲ್ಲಿ ನೋಡಿದೆ. ಟೊಪ್ಪಿ, ಕೀರ್ತನೆ ಪುಸ್ತಕ ಎಲ್ಲವನ್ನೂ ಬಿಟ್ಟು ಹೊರಗೆ ಹಾರಿದೆ. ರಸ್ತೆಯಲ್ಲಿ ಒಂದು ಸೈಕಲ್ಲಿನವನು ನನಗೆ ಬೈದ. ಎರಡೆರಡು ಮೆಟ್ಟಿಲು ಹಾರಿ ಮಹಡಿ ಹತ್ತಿ ಬಾಗಿಲು ತಳ್ಳಿದೆ.

“ಎಲ್ಲಿ ಅಪಾಯ?” ಎಂದು ಕೂಗಿದೆ.

ಕೋಣೆಯ ತುಂಬ ಮಡಿಸಿಟ್ಟ ಬಟ್ಟೆಯ ರಾಶಿ. ಕಿಟಕಿಗೆ ತಾಗಿದ ಮಂಚದ ಮೇಲೆ ಒಬ್ಬ ತೆಳ್ಳಗಿನ ಮನುಷ್ಯ ಮಲಗಿದ್ದ. ಕೈಯಲ್ಲಿ ಗೋಡೆಗೆ ಬಣ್ಣ ಬಳಿಯುವ ಉದ್ದನೆಯ ಕೋಲು. ಅದರ ತುದಿಯಲ್ಲಿ ಕೆಂಪು ದಿಂಬಿನ ಚೀಲ.

“ಅಪಾಯ ಹೊಟ್ಟೆ ಕೆಳಗಿದೆ ಅಣ್ಣಾ” ಎಂದ ಆತ, ಹಲ್ಲು ಕಚ್ಚಿಕೊಂಡು. “ಮಂಚದ ಅಡಿಯಲ್ಲಿ ಬೆಡ್ ಪ್ಯಾನ್ ಇದೆ. ಬೇಗ!”

ನಾನು ಸುತ್ತ ನೋಡಿದೆ. ಬೇರೆ ಯಾರಾದರೂ ಇರಬಹುದೇ ಎಂದು. ಇರಲಿಲ್ಲ. ಸ್ಟೇಷನ್ನಿನಲ್ಲಿ ಇಂಥದ್ದಕ್ಕೆ ಜನ ಇರುತ್ತಿದ್ದರು. ನಾನು ಗಂಟೆ ಬಾರಿಸಿದರೆ ಸಾಕಿತ್ತು. ಬಗ್ಗಿದೆ, ಪ್ಯಾನ್ ಎಳೆದೆ.

“ಸೊಂಟದ ಕೆಳಗೆ ಕೈ ಹಾಕಿ. ಹಾಗಲ್ಲ, ಹಾಗಲ್ಲ! ಮೂಟೆ ಎತ್ತಿದ ಹಾಗೆ ಎತ್ತಬೇಡಿ. ಮಗೂನ ಎತ್ತಿದ ಹಾಗೆ ಎತ್ತಿ.”

ನನ್ನ ಮಕ್ಕಳನ್ನೇ ನಾನು ಎತ್ತಿದವನಲ್ಲ, ಯಾವಾಗಲೂ ಡ್ಯೂಟಿ. ಹೇಗೋ ಎತ್ತಿದೆ. ಕೋಟಿನ ತೋಳಿನ ಗೆರೆ ಅಲ್ಲೇ ಮುದ್ದೆಯಾಯಿತು. ಆತ ಕಣ್ಣು ಮುಚ್ಚಿ ದೊಡ್ಡದೊಂದು ಉಸಿರು ಬಿಟ್ಟ. ಅಷ್ಟು ನೆಮ್ಮದಿಯ ಉಸಿರನ್ನು ನಮ್ಮ ಚರ್ಚಿನಲ್ಲಿ ಯಾವ ಪ್ರಾರ್ಥನೆಯ ಕೊನೆಗೂ ನಾನು ಕೇಳಿಲ್ಲ.

“ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ. ಯಾರಣ್ಣ ನೀವು?”

“ಸ್ಟೇಷನ್ ಮಾಸ್ತರ್ ಆಗಿದ್ದೆ.”

“ಅದಕ್ಕೇ ಕೆಂಪು ಕಂಡು ಓಡಿ ಬಂದ್ರಿ!” ಆತ ಮಲಗಿದ್ದಲ್ಲೇ ನಕ್ಕ. “ನಾನು ಪೇಂಟರ್. ನಾಲ್ಕು ವರ್ಷದ ಹಿಂದೆ ಏಣಿ ಜಾರಿ ಬಿದ್ದೆ, ಸೊಂಟದ ಕೆಳಗೆ ಬಲ ಇಲ್ಲ. ಕೋಲು ಮಾತ್ರ ಉಳ್ಕೊಂಡಿದೆ. ನನ್ನ ಹೆಂಡತಿಗೆ ವಾರದಲ್ಲಿ ಅದೊಂದೇ ಒಂದೂವರೆ ಗಂಟೆ ಹೊರಗೆ ಹೋಗೋದು. ಅವಳು ಬಾಗಿಲ ಪಕ್ಕದ ಮೂಲೇಲಿ ಕೂರ್ತಾಳೆ, ಅಲ್ಲಿಂದ ಈ ಕಿಟಕಿ ಕಾಣುತ್ತೆ. ಕೂತಲ್ಲಿಂದಾನೇ ಕಾಣೋ ಜಾಗ ಇಡೀ ಚರ್ಚಲ್ಲಿ ಅದೊಂದೇ. ನನಗೆ ಬೇಕಾದ್ರೆ ಬಟ್ಟೆ ಆಡಿಸ್ತೀನಿ, ಓಡಿ ಬರ್ತಾಳೆ.”

ನಾನು ಪ್ಯಾನ್ ಕಡೆ ನೋಡುತ್ತಾ ನಿಂತೆ.

“ಐದು ವಾರದಿಂದ ಆ ಜಾಗದಲ್ಲಿ ಯಾವನೋ ಕೂರ್ತಾನಂತೆ ಅಣ್ಣಾ. ಯಾರು ಅಂತ ಅವಳು ಬಾಯಿ ಬಿಡಲ್ಲ. ‘ದೊಡ್ಡವರು, ಬಿಡಿ’ ಅಂತಾಳೆ. ‘ನಾನು ಹೋಗೋದೇ ಇಲ್ಲ’ ಅಂದ್ಲು. ನಾನೇ ಗದರಿಸಿ ಕಳಿಸ್ತೀನಿ. ಶನಿವಾರ ರಾತ್ರಿ ಊಟ ಆದ್ಮೇಲೆ ನಾನು ನೀರು ಮುಟ್ಟಲ್ಲ. ಭಾನುವಾರ ಅವಳು ವಾಪಸ್ ಬರೋ ತನಕ ಒಂದು ತೊಟ್ಟು ಇಲ್ಲ. ಆಗ ಏನೂ ತೊಂದರೆ ಇರಲ್ಲ. ಇವತ್ತು ಗುಳಿಗೆ ಗಂಟಲಲ್ಲಿ ಸಿಕ್ಕೊಂಡ್ತು, ಎರಡು ಲೋಟ ಕುಡಿದುಬಿಟ್ಟೆ. ಯಾರಾದ್ರೂ ನೋಡ್ಲಿ ಅಂತ ಬಟ್ಟೆ ಆಡಿಸ್ದೆ.”

ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ನುಂಗಲಿಲ್ಲ, ಮಹಡಿಯ ನೆಲ, ಗಟ್ಟಿಯಾಗಿತ್ತು. ನಾನು ಪ್ಯಾನ್ ತೆಗೆದುಕೊಂಡು ಹಿಂದಿನ ನಲ್ಲಿಯ ಹತ್ತಿರ ಹೋದೆ. ಎರಡು ಸಲ ತೊಳೆದೆ. ಮೂರನೆಯ ಸಲವೂ ತೊಳೆದೆ, ಒಳಗೆ ಹೋಗಿ ಆತನ ಮುಖ ನೋಡುವ ಧೈರ್ಯವಿರಲಿಲ್ಲ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಧಡಧಡ ಸದ್ದು. ಇಸ್ತ್ರಿಯಕ್ಕ. ನಾನು ಚರ್ಚಿನಿಂದ ಓಡಿದ್ದನ್ನು ನೋಡಿ, ಬಿಷಪ್ಪರನ್ನೂ ದಾಟಿಕೊಂಡು ಬಂದಿದ್ದಳು. ನಲ್ಲಿಯ ಮುಂದೆ ಕೋಟು ಹಾಕಿಕೊಂಡು ಪ್ಯಾನ್ ಉಜ್ಜುತ್ತಿದ್ದ ನನ್ನನ್ನು ಕಂಡು ಗಕ್ಕನೆ ನಿಂತಳು.

“ಅಯ್ಯಯ್ಯೋ, ಇಲ್ಲಿ ಕೊಡಿ ಮಾಸ್ತರೇ! ತೋಳು ನೆನೀತಿದೆ!”

“ಇದನ್ನ ನನಗೆ ಮೊದಲೇ ಯಾಕಮ್ಮ ಹೇಳಲಿಲ್ಲ?” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅವಳಿಗೆ ಕೋಪ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಬರಲಿಲ್ಲ. “ಹೇಳೋಕೆ ಬಂದೆನಲ್ಲ ಮಾಸ್ತರೇ, ಎರಡು ಸಲ. ಅಮ್ಮನವರ ಹತ್ತಿರಾನೂ ಹೇಳಿ ಕಳಿಸಿದೆ. ನೀವು ‘ದೇವರ ಮುಂದೆ ಎಲ್ಲರೂ ಒಂದೇ’ ಅಂದ್ರಿ. ಅದಕ್ಕೆ ಎದುರು ಏನು ಹೇಳೋದು ಅಂತ ಗೊತ್ತಾಗಲಿಲ್ಲ.”

ಮೂವತ್ತೆಂಟು ವರ್ಷದಲ್ಲಿ ನನಗೆ ಮೇಲಧಿಕಾರಿಗಳಿಂದ ಹನ್ನೊಂದು ಸಲ ಎಚ್ಚರಿಕೆ ಪತ್ರ ಬಂದಿದೆ. ಯಾವುದೂ ಹೀಗೆ ನಾಟಿರಲಿಲ್ಲ. ಆ ಮಾತು ದೊಡ್ಡ ಮಾತು, ನಿಜವಾದ ಮಾತು. ಅದನ್ನು ನಾನು ಒಬ್ಬ ಹೆಂಗಸಿನ ಬಾಯಿ ಮುಚ್ಚಿಸಲು ಬಳಸಿದ್ದೆ.

ಒಳಗಿನಿಂದ ಪೇಂಟರ್ ಕೂಗಿದ. “ಬನ್ನಿ ಇಲ್ಲಿ, ತಮಾಷೆ ನೋಡಿ! ಆ ಮೂಲೇಲಿ ಈಗ ಇನ್ನೊಬ್ಬರು ಕೂತಿದಾರೆ!”

ಕಿಟಕಿಯಲ್ಲಿ ಬಗ್ಗಿ ನೋಡಿದೆವು. ಮಂಡಿ ನೋವು ತಡೆಯಲಾರದೆ ಬಿಷಪ್ಪರು, ಹತ್ತಿರ ಖಾಲಿಯಿದ್ದ ಒಂದೇ ಒಂದು ಜಾಗದಲ್ಲಿ, ನನ್ನ ಟೊಪ್ಪಿಯನ್ನು ಪಕ್ಕಕ್ಕಿಟ್ಟು ಕೂತುಬಿಟ್ಟಿದ್ದರು. ಅವರು ಕೂತದ್ದೇ ಕೂತದ್ದು, ಇಡೀ ಸಭೆ ಎದ್ದು ಅವರ ಕಡೆ ಮುಖ ತಿರುಗಿಸಿ ನಿಂತಿತ್ತು. ಹಿಂದಿನ ಬೆಂಚಿನವರೆಲ್ಲ ಒಂದೇ ಕ್ಷಣದಲ್ಲಿ ಮುಂದಿನವರಾಗಿಬಿಟ್ಟಿದ್ದರು. ಪಾದ್ರಿಗಳು ಮಾತ್ರ, ಆಮೇಲೆ ತಿಳಿದ ಹಾಗೆ, ದೂರದಲ್ಲಿ ಮೈಕಿನ ಹತ್ತಿರ, ಎಲ್ಲರ ಬೆನ್ನು ನೋಡುತ್ತಾ ನಿಂತಿದ್ದರು. ಪೇಂಟರ್ ಕೋಲೆತ್ತಿ ಒಮ್ಮೆ ಆಡಿಸಿದ. ಬಿಷಪ್ಪರು ಬಾಗಿಲಿನಾಚೆ ನೋಡಿ, ಏನೆಂದು ತಿಳಿಯದಿದ್ದರೂ, ಮರ್ಯಾದೆಗೆ ಕೈ ಬೀಸಿದರು.

“ಅಯ್ಯೋ, ಬಿಷಪ್ಪರನ್ನ ಕರೆದುಬಿಟ್ರಲ್ಲ!” ಎಂದು ಇಸ್ತ್ರಿಯಕ್ಕ ಕೋಲು ಕಿತ್ತುಕೊಂಡಳು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕ ಮೇಲೆ ನಾನು ಪೇಂಟರ್ ಮುಖ ನೋಡಿ, “ಆ ಯಾವನೋ ಅಂದ್ಯಲ್ಲಪ್ಪ. ಅದು ನಾನೇ” ಎಂದೆ.

ಆತ ನನ್ನ ಒದ್ದೆ ತೋಳು ನೋಡಿದ. “ಗೊತ್ತಾಯ್ತು ಅಣ್ಣ” ಎಂದ. “ಪ್ಯಾನ್ ಇಷ್ಟು ಹೊತ್ತು ಯಾರೂ ತೊಳೆಯಲ್ಲ.”

ಮುಂದಿನ ಭಾನುವಾರವೂ ನಾನು ಬೇಗನೆ ಹೋದೆ. ಮೂಲೆಯನ್ನು ಕರವಸ್ತ್ರದಿಂದ ಒರೆಸಿ, ಇಸ್ತ್ರಿಯಕ್ಕ ಬರುವ ತನಕ ಕಾದು, ಅವಳನ್ನು ಕೂರಿಸಿ ರಸ್ತೆ ದಾಟಿದೆ. ಟ್ರಂಕಿನ ತಳದಿಂದ ನನ್ನ ಹಳೆಯ ಹಸಿರು ಬಾವುಟ ತೆಗೆದುಕೊಂಡು ಹೋಗಿದ್ದೆ. ಪ್ರತಿ ಕೀರ್ತನೆಯ ಕೊನೆಗೆ ಕಿಟಕಿಯಲ್ಲಿ ಅದನ್ನು ಆಡಿಸುವುದು, ಎಲ್ಲ ಸರಿಯಿದೆ ಎಂದು ಅವಳಿಗೆ ತಿಳಿಯಲಿ. ಪಾದ್ರಿಗಳ ದನಿ ಹೊಸ ಮೈಕಿನಲ್ಲಿ ಈ ಕೋಣೆಯವರೆಗೂ ಕೇಳುತ್ತದೆ. ಪೇಂಟರ್ ಪ್ರಸಂಗದಲ್ಲಿ ತಪ್ಪು ಹುಡುಕುವುದರಲ್ಲಿ ನನಗಿಂತ ಗಟ್ಟಿಗ.

ಪ್ರಸಂಗ ಅರ್ಧ ಆಗಿರಬಹುದು, ಬಾಗಿಲಲ್ಲಿ ಕಾಂಟ್ರಾಕ್ಟರ್ ಕಾಣಿಸಿಕೊಂಡರು.

“ಮಾಸ್ತರೇ, ನನಗೂ ಇಲ್ಲಿ ಒಂದು ವಾರ ಬಿಟ್ಟು ಒಂದು ವಾರ…”

ನನಗೆ ಮೈಗೆ ಬೆಂಕಿ ಬಿದ್ದ ಹಾಗಾಯಿತು. ಎಲ್ಲಿ ಹೋದರೂ ಈ ಮನುಷ್ಯ ಜಾಗಕ್ಕೆ ಬರುತ್ತಾನಲ್ಲ! “ಮೊದಲು ಬಂದವನು ನಾನು” ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಪೇಂಟರ್ ಮಂಚ ಅಲ್ಲಾಡುವಂತೆ ನಕ್ಕ.

“ಇಬ್ಬರಿಗೂ ಆಗೋವಷ್ಟು ಕೆಲಸ ಕೊಡ್ತೀನಿ, ಜಗಳ ಬೇಡ” ಎಂದ. “ಮೊದಲು ಆ ಲೋಟ ಕೊಡಿ ಅಣ್ಣಾ.”

ಹೂಜಿಯಿಂದ ದೊಡ್ಡ ಲೋಟದ ತುಂಬ ನೀರು ಬಗ್ಗಿಸಿ ಕೊಟ್ಟೆ. ಕಾಂಟ್ರಾಕ್ಟರ್ ಆತನ ತಲೆಗೆ ಕೈ ಆಸರೆ ಕೊಟ್ಟರು. ಭಾನುವಾರ ಬೆಳಿಗ್ಗೆ, ಪ್ರಸಂಗ ಇನ್ನೂ ನಡೆಯುತ್ತಿರುವಾಗ, ಪೇಂಟರ್ ಅಷ್ಟೂ ನೀರನ್ನು ನಿಧಾನವಾಗಿ, ಒಂದು ಹನಿ ಉಳಿಸದೆ ಕುಡಿದ. ಆಮೇಲೆ ಲೋಟ ಮುಂದೆ ಚಾಚಿ, ಇನ್ನೊಂದು ಕೇಳಿದ.